ಅಡಿಗೆ ಎಷ್ಟು

ಬೆಂಗಳೂರಿನ ಲ್ಯಾಬಿನವನಿಗೆ ಫೋನು ಹಚ್ಚಿ
'ಅಡಿಗೆ ಎಷ್ಟು ತಗೊಂತೀರಿ?' ಅಂದದ್ದು
ಆಧಾರ್ ಝೆರಾಕ್ಸಿಗೆ ಬಂದ ಸಾಕಮ್ಮನ ಕಿವಿಗೆ ಬಿತ್ತು.
'ಯಾರ ಮದುವೇನೆ ಪಂಕಜಾಕ್ಷಿ? ಎಷ್ಟು ಎಲೆ?'

ಮದುವೆಯಲ್ಲ. ಐವತ್ತು ಅಡಿ ಫಿಲಮು,
ತೊಗರಿಬೇಳೆಯಗಲದ ಚೌಕಗಳದ್ದು.
ಹತ್ತಿಮಿಲ್ಲಿನ ಟೈಮಾಫೀಸಿನಲ್ಲಿದ್ದ ಏಕಾಂತಪ್ಪಮಾವ
ಮಗ್ಗ ಕೂರಿಸಲು ಬಂದ ಪರದೇಶಿ ಇಂಜಿನಿಯರನಿಂದ
ಅರ್ಧ ಬೆಲೆಗೆ ಕೊಂಡ ಕ್ಯಾಮೆರಾದೊಳಗೆ
ತೆಗೆದದ್ದು ತೆಗೆದ ಹಾಗೇ, ತೊಳೆಯದೆ, ನಲವತ್ತೈದು ವರ್ಷ.
ಮಿಲ್ಲು ಮುಚ್ಚಿತು, ಮಾವ ಹೋದ,
ಟ್ರಂಕು ನನ್ನ ಪಾಲಿಗೆ ಬಂತು.

ಬೆಂಗಳೂರಿನವನು ನಕ್ಕ: 'ಮೇಡಂ, ಆ ಮಿಷಿನ್ನು ಗುಜರಿಗೆ ಹೋಗಿ
ನನ್ನ ಮಗಳಷ್ಟು ವಯಸ್ಸಾಯ್ತು.'
ಚೆನ್ನೈಯವರು ಹತ್ತು ರೀಲಿದ್ದರೆ ಮಾತಾಡಿ ಅಂದರು.
ಮುಂಬಯಿಯವನು ಮಾತ್ರ ಮಾಡ್ತೀನಿ ಅಂದ,
ತೊಳೆಯಲು ಇಷ್ಟು, ಕಂಪ್ಯೂಟರಿಗೆ ಇಳಿಸಲು ಅಷ್ಟು,
ಅದರ ಮೇಲೆ ಟ್ಯಾಕ್ಸು, ಬಣ್ಣದ ಆಸೆ ಬಿಡಿ, ಗ್ಯಾರಂಟಿ ಇಲ್ಲ.
ಝೆರಾಕ್ಸಿಗೆ ಎರಡು ರೂಪಾಯಿಯ ಲೆಕ್ಕದಲ್ಲಿ
ಆ ಮೊತ್ತವನ್ನು ಭಾಗಿಸಿ ನೋಡಿದೆ.
ಇಡೀ ದಾವಣಗೆರೆಯೇ ಎರಡು ಸಲ
ಆಧಾರ್ ಕಳಕೊಳ್ಳಬೇಕು.

ಹಾದಿ ತೋರಿಸಿದ್ದು ಸಾಕಮ್ಮನ ಮಂಡಿನೋವು.
ಮೂಳೆ ಡಾಕ್ಟರ ಹಳೇ ಕ್ಲಿನಿಕ್ಕು,
ಅಲ್ಲಿ ಎಕ್ಸ್‌ರೇ ತೆಗೆಯುವ ದಾದಾಪೀರ್.
ಈಗೆಲ್ಲ ಡಿಜಿಟಲ್ಲು; ಕತ್ತಲೆಕೋಣೆಯಲ್ಲಿ
ಮುರಿದ ವೀಲ್‌ಚೇರು, ಒಂದು ಕ್ಯಾರಂ ಬೋರ್ಡು,
ಮೂಲೆಗೆ ಇನ್ನೂ ಎರಡು ತೊಟ್ಟಿ.
'ಫಿಲಮು ಫಿಲಮೇ ಅಲ್ರೀ,' ಅಂದ,
'ಕಾಲಿಂದಾದ್ರೇನು, ಮಿಲ್ಲಿಂದಾದ್ರೇನು?
ಡೆವಲಪರ್ ಪುಡಿ ಎರಡು ಪಾಕೀಟು ಉಳಿದಾವ.
ಕೆಟ್ಟರೆ ನನ್ನ ಬೈಬಾರ್ದು.'

ಆದರೆ ಅವನ ಕೈಗೆ ಅಭ್ಯಾಸವಿದ್ದದ್ದು ಹಾಳೆ.
ಐವತ್ತು ಅಡಿ ಲಾಡಿಯನ್ನು, ಕೆಂಪು ದೀಪವೂ ಇಲ್ಲದೆ,
ಒಂದರ ಮೈ ಇನ್ನೊಂದಕ್ಕೆ ತಾಗದಂತೆ
ಚೌಕಟ್ಟಿಗೆ ಸುತ್ತುವುದು ಹೇಗೆ?
ನಾನು ಸುತ್ತಿದೆ, ಗಂಟಾಯಿತು. ಅವನು ಬಿಡಿಸಿದ, ಬೆವರಿದ.
ಬಾಗಿಲ ಹೊರಗಿಂದ ಸಾಕಮ್ಮ:
'ಹತ್ತೊಂಬತ್ತು ವರ್ಷ ವೈಂಡಿಂಗ್ ಖಾತೆ ಕಣ್ರೋ.
ಕರೆಂಟು ಹೋದ್ರೂ ನನ್ನ ಎಳೆ ತಪ್ಪಿಲ್ಲ. ಸರೀರಿ.'

ಕತ್ತಲಲ್ಲಿ ಅವಳ ಬಳೆಯ ಸದ್ದಷ್ಟೇ.
ನಡುವೆ ಒಮ್ಮೆ ಉಸಿರು ನಿಲ್ಲಿಸಿದಳು,
ಆಮೇಲೆ ಮತ್ತೆ ಬಳೆ.

ಡೆವಲಪರು, ನೀರು, ಹೈಪೋ, ನೀರು.
ವಾಷಿಂಗ್ ಸೋಡಾದಲ್ಲಿ ಅದ್ದಿದ ಹತ್ತಿಯಿಂದ
ಫಿಲಮಿನ ಬೆನ್ನಿನ ಮಸಿ ಒರೆಸಿ
ಪೇಷೆಂಟುಗಳು ಕೋಟು ಬಿಚ್ಚಿಡುವ ಗೂಟದಿಂದ ಗೂಟಕ್ಕೆ ಒಣಹಾಕಿದೆವು.
ಮೊದಲ ಹದಿನೈದು ಅಡಿ ಬರೀ ಮಸಕು.
ಅಲ್ಲಿಂದ ಗೇಟು. ಮೊದಲ ಪಾಳಿ ಬಿಟ್ಟ ಹೊತ್ತು.

ಹೆಂಗಸರು ಹೊರಗೆ ಬರುತ್ತಿದ್ದಾರೆ.
ನೆಗೆಟಿವ್ ಅಲ್ಲವೇ, ಎಲ್ಲರ ತಲೆಯೂ ನೆರೆತಿದೆ,
ಇಪ್ಪತ್ತರ ಹುಡುಗಿಯರದೂ;
ತಲೆಗೆ ಅಂಟಿದ ಅರಳೆ ಮಾತ್ರ
ಇದ್ದಿಲಿನಷ್ಟು ಕಪ್ಪು.

ಪ್ರೊಜೆಕ್ಟರು ಇಲ್ಲ, ಇಳಿಸುವ ಮಿಷಿನ್ನೂ ಇಲ್ಲ.
ಎಲುಬು ನೋಡುವ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು
ಭೂತಗನ್ನಡಿ ಹಿಡಿದು, ಮೊಬೈಲಿನಲ್ಲಿ
ಒಂದೊಂದೇ ಚೌಕ ತೆಗೆಯುತ್ತೇನೆ.
ಕ್ಲಿನಿಕ್ಕಿಗೆ ಬೀಗ ಬೀಳುವ ಮುಂಚೆ
ದಾದಾಪೀರ್ ಕೊಡುವ ಹೊತ್ತಿಗೆ ಹದಿನೆಂಟು ಚೌಕ.
ಹದಿನೆಂಟೆಂದರೆ ಒಂದು ಸೆಕೆಂಡು.
ಬಾಡಿಗೆ: ವಾರಕ್ಕೊಮ್ಮೆ ಅವನಿಗೊಂದು ಬೆಣ್ಣೆದೋಸೆ,
ಸಾಕಮ್ಮ ಬಂದ ದಿನ ಮಂಡಕ್ಕಿ, ಮೆಣಸಿನಕಾಯಿ.

ಮೊನ್ನೆ ಗೇಟಿನ ಬಲಕ್ಕೆ ಒಬ್ಬಳು ನಿಂತಳು.
ನಿನ್ನೆ ಕ್ಯಾಮೆರಾದ ಕಡೆ ತಿರುಗಿದಳು.
ಇವತ್ತು ಕೈ ಎತ್ತತೊಡಗಿದ್ದಾಳೆ.
ಬಾ ಅನ್ನುತ್ತಾಳೋ, ಸಾಕು ತೆಗೀಬೇಡ ಅನ್ನುತ್ತಾಳೋ,
ಕಣ್ಣಿಗೆ ಬಿಸಿಲು ಹೊಡೆಯಿತೋ.

'ಆ ಕೈ ನಂದಲ್ಲ,' ಅಂದಳು ಸಾಕಮ್ಮ,
ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತ.
ನಾನು ಕೇಳಿರಲಿಲ್ಲ.

ನಾಳೆ ಭಾನುವಾರ, ಕ್ಲಿನಿಕ್ಕಿಗೆ ರಜೆ.
ಅಲ್ಲಿಯತನಕ ಆ ಕೈ
ಭುಜದ ಮಟ್ಟಕ್ಕೇ ಇರಬೇಕು.